ಜೇಜುರಿಯ ಐದನೇ ಮೆಟ್ಟಿಲು

ಜೂನ್ 9, ಸೋಮವಾರ, ಬೆಳಿಗ್ಗೆ

ಬಿಸಿನೀರಿನ ಚೀಲ, ಕ್ರೇಪ್ ಬ್ಯಾಂಡೇಜ್, ಆಮೇಲೆ ಶೂ. ಇವರ ಎಡ ಮೊಣಕಾಲಿಗೆ ದಿನಾ ಇದೇ ಪೂಜೆ. ಅದು ಮುಗಿಸಿ ಖರಾಡಿಯ ಐಟಿ ಪಾರ್ಕಿನ ಗೇಟಿನಲ್ಲಿ ಸಂಜೆಯವರೆಗೆ ನಿಲ್ಲುವುದು. ಸೆಕ್ಯುರಿಟಿ ಸೂಪರ್‌ವೈಸರ್. ಹದಿನೇಳು ವರ್ಷ ಸೈನ್ಯದಲ್ಲಿದ್ದವರಿಗೆ ನಿಲ್ಲುವ ಕೆಲಸ ಬಿಟ್ಟು ಬೇರೆ ಕೆಲಸ ಯಾರೂ ಕೊಡುವುದಿಲ್ಲ.

ಶನಿವಾರ ಉತ್ತರ ಬಂತು. ಡಿಸೆಬಿಲಿಟಿ ಪಿಂಚಣಿ ಮಂಜೂರು. ಆದರೆ ಅರ್ಜಿ ಕೊಟ್ಟ ಈ ಜನವರಿಯಿಂದ. 2017ರಲ್ಲಿ ಡಿಸ್ಚಾರ್ಜ್ ಆದ ದಿನದಿಂದ ಅಲ್ಲ. ಕಾರಣ — ಮೊಣಕಾಲು ಕೆಟ್ಟದ್ದು ರಜೆಯಲ್ಲಿ, ಜೇಜುರಿಯ ಮೆಟ್ಟಿಲ ಮೇಲೆ ಹೆಂಡತಿಯನ್ನು ಎತ್ತಿಕೊಂಡಾಗ. ಸೇವೆಯಲ್ಲಿ ನೋವು ಹೆಚ್ಚಾಯಿತು ಎಂಬುದನ್ನಷ್ಟೇ ಒಪ್ಪುತ್ತಾರಂತೆ.

ಹೆಂಡತಿ ಅಂದರೆ ನಾನು. ಸರ್ಕಾರಿ ಕಾಗದದಲ್ಲೂ ನಾನೇ ಆರೋಪಿ.

ಅದೇ ದಿನ, ಸಂಜೆ

ಅತ್ತೆ ಕಾಗದ ಓದಿಸಿಕೊಂಡರು. ಹೆಸರು ಕಾಶವ್ವ, ಬಾಯಿಗೆ ಬೀಗವಿಲ್ಲ.

"ಹನ್ನೆರಡು ವರ್ಷದಿಂದ ನಾ ಅದನ್ನ ಹೇಳಾಕತ್ತೇನಿ. ಈಗ ಸರ್ಕಾರನೂ ಹೇಳ್ತು."

ಮದುವೆಯಾಗಿ ನಾಲ್ಕನೇ ದಿನ ಜೇಜುರಿಗೆ ಹೋಗಿದ್ದೆವು. ಹೊಸ ಗಂಡ ಹೆಂಡತಿಯನ್ನು ಎತ್ತಿಕೊಂಡು ಐದು ಮೆಟ್ಟಿಲಾದರೂ ಹತ್ತಬೇಕು, ಖಂಡೋಬನ ಪದ್ಧತಿ. ಐದನೆಯದರಲ್ಲಿ ಇವರು ಕುಸಿದರು. ಇಬ್ಬರೂ ಭಂಡಾರದ ಅರಿಶಿಣದಲ್ಲಿ ಬಿದ್ದೆವು. ಅಂದಿನಿಂದ ಗೋಕಾಕದಲ್ಲಿರುವ ಅತ್ತೆಯ ಅಕ್ಕ ಅವ್ವಮ್ಮನಿಂದ ಹಿಡಿದು ಇಡೀ ಬಳಗಕ್ಕೆ ನಾನು ಗಂಡನ ಕಾಲು ಮುರಿದವಳು. ಯಾವ ಮದುವೆ, ಯಾವ ಸೀಮಂತಕ್ಕೆ ಹೋದರೂ ಅದೇ ಮಾತು.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ನನ್ನ ಕಾಲ ಇನ್ನೂ ಜೇಜುರಿ ದಾರಿಯ ಸಾಸವಡದ ಟ್ರಾಫಿಕ್ಕಿನಲ್ಲೇ ಸಿಕ್ಕಿಕೊಂಡಿದೆ.

ಜೂನ್ 14

ವಕೀಲೆ ಸೋನಾಲಿ ಹತ್ತಿರ ಹೋಗಿದ್ದೆವು. ಅಪೀಲು ಮಾಡಬಹುದಂತೆ. ಜೇಜುರಿಗೆ ಮುಂಚೆಯೇ, ಡ್ಯೂಟಿಯಲ್ಲಿ ಪೆಟ್ಟಾಗಿತ್ತು ಎಂದು ತೋರಿಸಿದರೆ ಡಿಸ್ಚಾರ್ಜ್ ತಾರೀಖಿನಿಂದ ಸಿಗಬಹುದು. ದುಡ್ಡಿಗಾಗಿ ಆದರೆ ಯೋಚನೆ ಮಾಡಿ ಅಂದರು, ತಾರೀಖು ಹಿಂದಕ್ಕೆ ಹೋದರೂ ಹಳೆಯ ಬಾಕಿಯೆಲ್ಲ ಸಿಗುವುದಿಲ್ಲ.

ನನಗೆ ತಾರೀಖು ಬೇಕು.

"ಜಾವೂ ದ್ಯಾ ಮ್ಯಾಡಮ್" ಅಂದುಬಿಟ್ಟರು ಇವರು. ಹೋಗಲಿ ಬಿಡಿ ಅಂತೆ. ಹೋಗುತ್ತಿರುವುದು ಯಾರ ಹೆಸರು?

ನಾನು ಕೆಲಸ ಮಾಡುವ ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ ಕೂತು ಇದನ್ನೇ ಯೋಚಿಸುತ್ತಿದ್ದೆ. ಗಡಿಯ ಹಿಮದಲ್ಲಿ ವರ್ಷಗಟ್ಟಲೆ ಹೊರೆ ಹೊತ್ತವರು ಐದು ಮೆಟ್ಟಿಲಿಗೆ ಬೀಳುತ್ತಾರಾ? ಆಗ ನಾನು ಒಂದು ಅಕ್ಕಿ ಮೂಟೆಗಿಂತ ಹಗುರ ಇದ್ದೆ.

ಜೂನ್ 17

ಮುನಿಸ್ವಾಮಿಗೆ ಫೋನ್ ಮಾಡಿದೆ. ಕೋಲಾರದವರು, ಇವರ ಪಲ್ಟನ್ನಿನಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದರು.

"ದತ್ತು ನಿಮಗೆ ಹೇಳೇ ಇಲ್ವಾ ಸಿಸ್ಟರ್? ಮದುವೆ ರಜಾಗೆ ಮುಂಚೆ ಪೋಸ್ಟಿಂದ ಇಳೀತಾ ಐಸ್ ಮೇಲೆ ಬಿದ್ದ. ನಾನೇ ಬ್ಯಾಂಡೇಜ್ ಕಟ್ಟಿದ್ದು. ಎಲ್ಲೂ ಬರೀಬೇಡ ಅಂದ. ಬರೆದ್ರೆ ಆಸ್ಪತ್ರೆ, ರಜಾ ಕ್ಯಾನ್ಸಲ್, ಮದುವೆ ಮುಂದಕ್ಕೆ."

ಫೋನ್ ಇಟ್ಟೆ. ಸಿಟ್ಟು. ಬರೀ ಸಿಟ್ಟು.

ಸಂಜೆ ಶೂ ಬಿಚ್ಚಲೂ ಬಿಡದೆ ಕೇಳಿದೆ.

"ರಜಾ ಮುಗಿಸಿ ಹೋದ ಮ್ಯಾಲೆ ಪಲ್ಟನ್ ಡಾಕ್ಟರ್ ಹೆಂಗಾತು ಅಂತ ಕೇಳಿದ್ರು. ಐಸ್ ಅಂದ್ರ, ಆವಾಗ ಯಾಕ ಮುಚ್ಚಿಟ್ಟಿ ಅಂತಿದ್ರು. ನಕ್ಕೋತ ಜೇಜುರಿ ಕತಿ ಹೇಳಿದೆ. ಅವರು ಬರಕೊಂಡ್ರು."

"ಅತ್ತೆ ನನಗೆ ಅನ್ನುವಾಗ?"

"ಅವ್ವನ ಮುಂದ ಸುಳ್ಳ ಹೇಳೇನಿ ಅಂತ ಹೆಂಗ ಹೇಳ್ಲಿ…"

ಗಡಿ ಕಾದ ಮನುಷ್ಯ. ಹೆಂಡತಿಯನ್ನು ಅಡುಗೆಮನೆಯಲ್ಲಿ ಕಾಯಲಿಲ್ಲ.

ಜೂನ್ 23

ಮಾತಿಲ್ಲ. ಬಿಸಿನೀರಿನ ಚೀಲ ಮಾತ್ರ ಕೊಡುತ್ತಿದ್ದೇನೆ. ಅದೂ ಸ್ವಲ್ಪ ಹೆಚ್ಚೇ ಬಿಸಿ.

ಜುಲೈ 2, ಬುಧವಾರ

ಮುನಿಸ್ವಾಮಿಯ ಅಫಿಡವಿಟ್ ಬಂತು. ಗೆಳೆಯನ ಮಾತೊಂದೇ ಸಾಲದು, ಜೇಜುರಿಗೆ ಮುಂಚೆ ಮನೆಯಲ್ಲಿ ನೋಡಿದವರು ಬೇಕು, ಆಜಿಯನ್ನು, ಅಂದರೆ ಅತ್ತೆಯನ್ನು, ಕರೆತನ್ನಿ ಅಂದರು ಸೋನಾಲಿ. ಇವರು ನಿನ್ನೆ ಅತ್ತೆಗೆ ಐಸಿನ ವಿಷಯ ಎಲ್ಲ ಹೇಳಿದರಂತೆ. ಅತ್ತೆ ಕೇಳಿಸಿಕೊಂಡು ಎದ್ದು ಹೋದರಂತೆ. ಅದೇ ನನಗೆ ಭಯ.

ಅತ್ತೆ ಇಳಕಲ್ ಸೀರೆ ಉಟ್ಟು ಬಂದರು. ನನ್ನ ವಿರುದ್ಧ ಸಾಕ್ಷಿ ಹೇಳಲೆಂದೇ ಅಂದುಕೊಂಡೆ. ಸೋನಾಲಿಗೆ ಕನ್ನಡ ಬಾರದು. ಅತ್ತೆಯ ಮರಾಠಿ ತರಕಾರಿ ಚೌಕಾಸಿಗೆ ಮಾತ್ರ ಸಾಕು. ಅರ್ಥ ಹೇಳಬೇಕಾದವಳು ನಾನು.

"ಅರಿಶಿಣ ಹಚ್ಚೂ ದಿನ ಮೊಣಕಾಲಿಗೆ ಮೊದಲ ಕೈ ನಂದು. ಬಾತಿತ್ತು. ಮುಟ್ಟಿದ್ರ ಹುಡುಗ ಹಲ್ಲು ಕಚ್ಚಿದ. ನನಗ ಆವತ್ತೇ ಗೊತ್ತಿತ್ತು."

ಮರಾಠಿಯಲ್ಲಿ ಹೇಳಿದೆ. ಬೇರೆ ಯಾರದೋ ಸೊಸೆಯ ವಿಷಯ ಹೇಳುತ್ತಿದ್ದೇನೆ ಅನಿಸಿತು.

"ಕುಂಟ ವರನ್ನ ಕಟ್ಟಿದ್ರು ಅಂತ ಬೀಗರು ಅಂದಾರು ಅಂತ ಅಂಜಿದ್ದೆ. ಮೆಟ್ಟಲದಾಗ ಬಿದ್ದ, ನೆವ ಸಿಕ್ತು. ಈಕಿ ಮ್ಯಾಲೆ ಹಾಕಿದೆ. ಹಾಕಿದ್ದನ್ನ ಆಮ್ಯಾಲೆ ತಗಿಯಾಕ ಬರಲಿಲ್ಲ."

ಇವರು ಗೋಡೆ ನೋಡುತ್ತಿದ್ದರು.

"ಕಾಯ್ ಮ್ಹಣಾಲ್ಯಾ ಆಜಿ?" ಅಜ್ಜಿ ಏನಂದರು ಅಂತ ಸೋನಾಲಿ ಪೆನ್ ಹಿಡಿದು ಕೇಳಿದರು.

ಇದು ಕೇಸಿಗೆ ಬೇಕಾಗುವುದಿಲ್ಲ ಅಂದೆ. ಅತ್ತೆ ನನ್ನ ಮೊಣಕೈ ಹಿಡಿದರು.

"ಹೇಳು. ಅದನ್ನೂ ಬರೀಲಿ."

ಹೇಳಿದೆ. ಬರೆದರು. ಅತ್ತೆ ಸಹಿ ಹಾಕಿದರು. ಮೂವರೂ ಒಂದೇ ರಿಕ್ಷಾದಲ್ಲಿ ಮನೆಗೆ ಬಂದೆವು, ಯಾರೂ ಯಾರನ್ನೂ ನೋಡಲಿಲ್ಲ. ಅಳು ಬಂದದ್ದು ಮನೆಗೆ ಬಂದು ಕುಕ್ಕರ್ ಇಟ್ಟ ಮೇಲೆ.

ಸೆಪ್ಟೆಂಬರ್ 5

ಸುದ್ದಿಯಿಲ್ಲ. ಪೋಸ್ಟ್‌ಮನ್ ನನ್ನನ್ನು ಕಂಡರೆ ದಾರಿ ಬದಲಿಸುತ್ತಾನೆ. ಅತ್ತೆ ಈಗ ಏನೂ ಅನ್ನುವುದಿಲ್ಲ. ಅದೂ ಒಂದು ಹಿಂಸೆ. ಬಳಗದಲ್ಲಿ ಮಾತ್ರ ಹಳೆಯ ಕಥೆಯೇ ಓಡುತ್ತಿದೆ.

ನವೆಂಬರ್ 21, ಶುಕ್ರವಾರ, ಮಧ್ಯಾಹ್ನ

ಆದೇಶ ಬಂತು. ಪೆಟ್ಟು ಸೇವೆಯಲ್ಲೇ ಆದದ್ದು. ಪಿಂಚಣಿ ಡಿಸ್ಚಾರ್ಜ್ ಆದ ದಿನದಿಂದ. ಜೇಜುರಿಯ ಹೆಸರಿಲ್ಲ. ಹೆಂಡತಿಯೂ ಇಲ್ಲ. ಇವರಿಗೆ ಗೇಟಿಗೆ ಫೋನ್ ಮಾಡಿದೆ. ಹಾರ್ನ್ ಸದ್ದಿನ ನಡುವೆ "ತಪ್ಪಾತು" ಅಂದರು.

ಅತ್ತೆ ಎರಡು ಸಲ ಓದಿಸಿಕೊಂಡರು. ನಂತರ ತಾವೇ ಗೋಕಾಕಕ್ಕೆ ಫೋನ್ ಹಚ್ಚಿದರು. ನಾನು ಇಲ್ಲಿ ಅಡುಗೆಕಟ್ಟೆಯ ಮೇಲೆ ಡೈರಿ ಇಟ್ಟು ಬರೆಯುತ್ತಿದ್ದೇನೆ. ಎಲ್ಲ ಕೇಳಿಸುತ್ತಿದೆ.

"ಇಲ್ಲ ಅವ್ವಮ್ಮ, ಜೇಜುರ್ಯಾಗ ಅಲ್ಲ… ಅದಕ್ಕಿಂತ ಮೊದಲ… ಹೌದು, ನನಗ ಗೊತ್ತಿತ್ತು… ನಾನ ಸುಳ್ಳ ಹೇಳಿದ್ದೆ. ಎಲ್ಲಾರಿಗೂ ಹೇಳು."

ಕರೆಯುತ್ತಿದ್ದಾರೆ. ಅವ್ವಮ್ಮ ನನ್ನ ಜೊತೆ ಮಾತಾಡಬೇಕಂತೆ. ಹನ್ನೆರಡು ವರ್ಷ ಇವರಿಗೆಲ್ಲ ಕೊಡಲು ಎಷ್ಟೊಂದು ಉತ್ತರ ಇಟ್ಟುಕೊಂಡಿದ್ದೆ. ಈಗ ಅತ್ತೆ ಬಾಗಿಲಲ್ಲಿ ಫೋನ್ ಚಾಚಿ ನಿಂತಿದ್ದಾರೆ. ಪೆನ್ ಇಡುತ್ತೇನೆ, ಫೋನ್ ತೆಗೆದುಕೊಳ್ಳಬೇಕು.