ಮೂರನೆಯ ಬಸ್ಸು

ಹೊನ್ನಾವರ
೮ ಜನವರಿ ೨೦೨೫

ಪ್ರೀತಿಯ ಶ್ರೀಗೌರಿ,

ನೀನು ಕುಮಟೆಗೆ ಅಕ್ಕನ ಮನೆಗೆ ಹೋಗಿ ಮೂರು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ತಡವಾಯಿತು, ತಪ್ಪಾಯಿತು. ಫೋನಿನಲ್ಲಿ ನನ್ನ ದನಿ ಕೇಳಿದ ಕೂಡಲೇ ನೀನು ಇಟ್ಟುಬಿಡುತ್ತೀಯ. ಇಡದಿದ್ದರೆ ನಾನು ನಿನ್ನನ್ನು ಮಾತಿನಲ್ಲಿ ಸೋಲಿಸಿಬಿಡುತ್ತೇನೆ. ಕಾಗದವಾದರೆ ನಡುವೆಯೇ ಮಡಚಿಟ್ಟು ಒಲೆಯ ಮೇಲಿನ ಹಾಲು ನೋಡಲು ಹೋಗಬಹುದು. ಹಾಗೆ ಮಾಡಿದರೂ ನನಗೇನೂ ಬೇಸರವಿಲ್ಲ.

ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಶಾಲೆ ನಡೆದಿದೆ, ಹತ್ತನೆಯವರಿಗೆ ವಿಶೇಷ ತರಗತಿ ಶುರುವಾಗಿದೆ. ನಾನು ಮಾಡಿದ ತಂಬುಳಿಯನ್ನು ನಾನೇ ಉಣ್ಣುತ್ತಿದ್ದೇನೆ, ಅದಕ್ಕಿಂತ ದೊಡ್ಡ ಶಿಕ್ಷೆ ಬೇಡ. ಸಿನಿಮಾದವರು ನೀನು ನಿಲ್ಲಬೇಕಾದ ಜಾಗ ಗೊತ್ತಾಗಲೆಂದು ಅಡುಗೆಮನೆಯ ನೆಲಕ್ಕೆ ಅಂಟಿಸಿದ್ದ ನೀಲಿ ಪಟ್ಟಿ ಇನ್ನೂ ಇದೆ. ಕೀಳಲಿಕ್ಕೆ ಎರಡು ಸಲ ಕುಳಿತೆ, ಆಗಲಿಲ್ಲ. ಮೀನು ಮಾರುವ ಗಂಗೆ ಈಗಲೂ ನಮ್ಮ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿ ದಣಿವಾರಿಸಿಕೊಳ್ಳುತ್ತಾಳೆ. "ಅಮ್ಮ ಎಂತಕ್ಕೆ ಕಾಣೂದಿಲ್ಲ ಮಾಸ್ತರ್ರೆ?" ಎಂದಳು. ಅಕ್ಕನ ಮನೆಗೆ ಹೋಗಿದ್ದಾಳೆ ಎಂದೆ. "ಮೂರು ತಿಂಗ್ಳು ಯಾರು ಅಕ್ಕನ ಮನೇಲಿ ಇರ್ತಾರೆ? ನೀವೇ ಎಂತದೋ ಅಂದೀರಿ" ಎಂದು ಬುಟ್ಟಿ ಎತ್ತಿಕೊಂಡು ಹೋದಳು.

ಅಂದದ್ದು ಹೌದು.

ನಡೆದದ್ದನ್ನು ಮೊದಲಿಂದ ಬರೆಯುತ್ತೇನೆ. ನಿನಗೆ ತಿಳಿಯದ್ದು ಅಂತಲ್ಲ, ನನ್ನ ಪಾಲಿನದನ್ನು ನಾನೇ ಒಪ್ಪಿಕೊಳ್ಳಬೇಕು ಅಂತ. ಪ್ರಿಯಂವದಾ ನಾಲ್ಕು ಜನರನ್ನೂ ಒಂದು ಕ್ಯಾಮೆರಾವನ್ನೂ ಕಟ್ಟಿಕೊಂಡು ಮೈಸೂರಿನಿಂದ ಬಂದಳು. ಗಂಡ ಹೆಂಡತಿಯ ನಡುವಿನ ಸಂಶಯದ ಸಿನಿಮಾ, ಅದಕ್ಕೆ ನಟರು ಬೇಡ, ನಿಜವಾದ ದಂಪತಿಗಳೇ ಬೇಕು ಎಂದಳು. ಎಲ್ಲೋ ನನ್ನ ತಾಳಮದ್ದಳೆ ಕೇಳಿ ಮರುಳಾಗಿದ್ದವಳು. ನೀನು ಬೇಡವೇ ಬೇಡ ಅಂದೆ. ನಾನು ಅರ್ಧ ಗಂಟೆ ವಾದಿಸಿ ಒಪ್ಪಿಸಿದೆ. ಬರೆದ ಮಾತು ಒಂದೂ ಇಲ್ಲ. ನಮ್ಮಿಬ್ಬರನ್ನೂ ಬೇರೆಬೇರೆ ಕೂರಿಸಿಕೊಂಡು ಅವರವರ ಪಾಲಿನ ಕಥೆಯನ್ನಷ್ಟೇ ಹೇಳುತ್ತಿದ್ದಳು. "ಕಥೇಲಿ ಮೇಡಂ ಏನೋ ಮುಚ್ಚಿಡ್ತಿದ್ದಾರೆ. ನಿಮ್ಮ ಬಾಯಿಗೆ ಬಂದ ಹಾಗೆ ಕೇಳಿ ಸರ್" ಎಂದಳು, ಅಡುಗೆಮನೆಯ ದೃಶ್ಯ ತೆಗೆದ ದಿನ.

ನನ್ನ ಬಾಯಿಗೆ ಏನು ಬರಲು ಕಾದಿದೆ ಎಂದು ಪಾಪ, ಅವಳಿಗೇನು ಗೊತ್ತು? ಜೂನ್‌ನಿಂದ ನೀನು ಭಟ್ಕಳದ ಕಾಲೇಜಿನ ಆಫೀಸು ಮುಗಿಸಿ ಮನೆಗೆ ಬರುವಾಗ ಏಳೂವರೆಯಾಗುತ್ತಿತ್ತು. "ಬಸ್ಸು ತಡ ಆತು" ಎನ್ನುತ್ತಿದ್ದೆ. ಒಂದು ದಿನ ಏನೋ ನೆಪ ಮಾಡಿ ನಿನ್ನ ಆಫೀಸಿನ ಗುಮಾಸ್ತ ಮೋಹನನಿಗೆ ಫೋನು ಮಾಡಿದೆ. "ಮೇಡಮ್ಮನ್ನ ನಾನೇ ಗಾಡಿ ಮೇಲೆ ಸ್ಟ್ಯಾಂಡಿಗೆ ಬಿಟ್ಟೆ ಸರ್, ಐದು ಗಂಟೆ ಬಸ್ಸು ನಿಂತೇ ಇತ್ತು" ಎಂದ. ಅವನ ಗಾಡಿಯಲ್ಲಿ ನೀನು ಕೂರುತ್ತೀಯ ಎಂಬುದೇ ನನಗೆ ಹೊಸದು. ಆ ಬಸ್ಸು ಆರೂಕಾಲಿಗೆಲ್ಲ ಇಲ್ಲಿರುತ್ತದೆ; ಏಳೂವರೆಗೆ ಬರುತ್ತೀಯೆಂದರೆ ಎರಡು ಬಸ್ಸು ಬಿಟ್ಟಿರಬೇಕು ಎಂದುಕೊಂಡೆ. ನಿನ್ನನ್ನು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕೇಳಲಿಲ್ಲ. ಆಮೇಲೂ ದಿನವೂ ನಗುತ್ತಲೇ ಬಾಗಿಲು ತೆಗೆದೆ.

ತಾಳಮದ್ದಳೆಯ ಚಟ ಎಂಥದೆಂದು ನಿನಗೆ ಗೊತ್ತು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತು. ಎದುರಿನವನ ಬಾಯಿ ಕಟ್ಟಿಸಿದರೆ ಸಭೆ ತಲೆದೂಗುತ್ತದೆ. ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಕೂತು ಚಹಾ ಕುಡಿಯುತ್ತೇವೆ. ಅಲ್ಲಿ ಆಡಿದ್ದನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಅಡುಗೆಮನೆಯಲ್ಲಿ ಕ್ಯಾಮೆರಾ ಇಟ್ಟದ್ದೇ ತಡ, ನನಗೆ ಅದೂ ಒಂದು ಸಭೆಯಾಯಿತು. "ಎರಡು ಬಸ್ಸು ಬಿಟ್ಟು ಮೂರನೆಯ ಬಸ್ಸಿಗೆ ಬರುವವಳ ಗಂಡ ಮನೆಯಲ್ಲಿ ಕಾಯುವವನೋ, ಭಟ್ಕಳದಲ್ಲಿ ಸ್ಟ್ಯಾಂಡಿಗೆ ಬಿಟ್ಟುಹೋಗುವವನೋ?" ಎಂದೆ. ಮಾತು ಎಷ್ಟು ಚೆನ್ನಾಗಿ ಕೂತಿತಲ್ಲ ಎಂದು ಒಳಗೇ ಹಿಗ್ಗಿದೆ. ಆಮೇಲೆ ನಿನ್ನ ಮುಖ ನೋಡಿದೆ. ನೀನು ಸೌಟು ಹಿಡಿದು ನಿಂತೇ ಇದ್ದೆ; ಪ್ರಿಯಂವದಾ ನಿಲ್ಲಿಸಿ ಅನ್ನಲೂ ಇಲ್ಲ. ಕಡೆಗೆ ಎಲ್ಲರೂ ಚಪ್ಪಾಳೆ ಹೊಡೆದರು. ಅದು ನಟನೆಯಲ್ಲವೆಂದು ಗೊತ್ತಿದ್ದವರು ನಾವಿಬ್ಬರೇ.

ಮರುದಿನ ಬೆಳಿಗ್ಗೆ ಚೀಲ ತುಂಬುತ್ತ ನೀನು ಹೇಳಿದ್ದು ಒಂದಕ್ಷರವೂ ಮರೆತಿಲ್ಲ. "ಸ್ಟ್ಯಾಂಡಿನ ಬೆಂಚಿನ ಮೇಲೆ ಸುಮ್ನೆ ಕೂತ್ಕತ್ತಿದ್ದೆ. ಸುತ್ತ ನವಾಯತಿ, ಉರ್ದು ಮಾತು. ಅಲ್ಲಿ ಯಾರಿಗೂ ಉತ್ರ ಕೊಡವು ಹೇಳಿ ಇಲ್ಲೆ. ಮನೇಲಿ ಯಾನು ಬಾಯಿ ತೆಗೆದ್ರೆ ಗೆಲ್ಲದು ನಿಂಗನೇ. ದಿನಕ್ಕೊಂದು ತಾಸು ಸೋಲದೇ ಇರವು ಹೇಳಿ ಅನ್ನಿಸ್ತಿತ್ತು, ಅಷ್ಟೇಯ."

ನೀನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ಹದಿನಾಲ್ಕು ವರ್ಷದಲ್ಲಿ ನಾನು ಕೇಳಿರಲಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಮಕ್ಕಳಿಗೆ ಕಾಪಿ ಬರೆಸುವ ಮಾಸ್ತರ ನಾನು. ನಾಚಿಕೆಯಾಗುತ್ತದೆ ಗೌರಿ. ಬಸ್ಸು ಬಿಟ್ಟು ಕೂರುವಷ್ಟು ನಾನು ನಿನ್ನನ್ನು ದಣಿಸಿದ್ದೆ, ಮೇಲಿಂದ ಅದಕ್ಕೇ ನಿನ್ನ ಮೇಲೆ ಸಂಶಯಪಟ್ಟೆ.

ಇನ್ನು ಈ ಕಾಗದದ ಕಾರಣ. ಸಿನಿಮಾ ಸಿದ್ಧವಾಗಿದೆ. ಹತ್ತೊಂಬತ್ತರ ಭಾನುವಾರ ಮೊದಲ ಪ್ರದರ್ಶನ, ಅದೂ ಕುಮಟೆಯಲ್ಲೇ. ಮಹಾಲಕ್ಷ್ಮೀ ಅಕ್ಕ, ಭಾವ, ನಿನ್ನ ಕಾಲೇಜಿನವರು, ಮೋಹನ, ಎಲ್ಲರನ್ನೂ ಕರೆಯುತ್ತಾರಂತೆ. ಆ ದೃಶ್ಯ ಉಳಿಸಿಕೊಳ್ಳಲು ನಿನ್ನ ಸಹಿ ಬೇಕು. ಒಪ್ಪಿಗೆಪತ್ರ ಇದರ ಜೊತೆಗಿದೆ. ಸಹಿ ಬಾರದಿದ್ದರೆ ಅದನ್ನು ಕತ್ತರಿಸುತ್ತೇನೆ, ಕತ್ತರಿಸಿದರೆ ಸಿನಿಮಾದಲ್ಲಿ ಉಳಿಯುವುದೇನೂ ಇಲ್ಲ ಎಂದಳು ಪ್ರಿಯಂವದಾ. "ನೀವೇ ಮಾತಾಡಿ ಒಪ್ಪಿಸಿ ಸರ್" ಎಂದಳು. ಇನ್ನು ಒಪ್ಪಿಸುವ ಕೆಲಸ ನನ್ನಿಂದಾಗದು ಎಂದೆ. ಸಹಿ ಹಾಕು ಅಂತಲೂ ಬರೆಯುವುದಿಲ್ಲ, ಬೇಡ ಅಂತಲೂ ಬರೆಯುವುದಿಲ್ಲ. ನಿನಗೆ ಸರಿ ಕಂಡದ್ದು ಮಾಡು.

ಅಕ್ಕ-ಭಾವನಿಗೆ ನಮಸ್ಕಾರ. ಅವರ ಮಗಳಿಗೆ ಆಶೀರ್ವಾದ, ಪರೀಕ್ಷೆಗೆ ಚೆನ್ನಾಗಿ ಓದಲಿ. ನೀನು ಚೆನ್ನಾಗಿರು. ಸಂಜೆ ಹೊತ್ತು ಬೇಕಾದಷ್ಟು ಸುಮ್ಮನೆ ಕೂರುವ ಜಾಗ ನಿನಗೆ ಅಲ್ಲಿ ಸಿಕ್ಕಿರಲಿ.

ಇತಿ ನಿನ್ನ
ತ್ರ್ಯಂಬಕ

ತಾ.ಕ.: ಇದು ಮರೆತು ಉಳಿದದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದೆ ಉಳಿದದ್ದು. ಹೋಗುವ ದಿನ ನೀನು ಪ್ರಿಯಂವದಾಳನ್ನು ಬೈದೆ. "ಹೆಣ್ಣಾಗಿದ್ದೂ ಅದನ್ನ ಅಳಿಸಿದ್ದಿಲ್ಲೆ ಅಲ್ದ?" ಎಂದೆ. ನಾನು ಬಾಗಿಲಲ್ಲಿ ಸುಮ್ಮನೆ ನಿಂತಿದ್ದೆ. ಅವಳದು ತಪ್ಪಿಲ್ಲ. ಚಪ್ಪಾಳೆ ಮುಗಿದು ನೀನು ಸೀರೆ ಬದಲಿಸಲು ಒಳಗೆ ಹೋದಾಗ ಅವಳು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ್ದಳು: "ಸರ್, ಮೇಡಂ ಮುಖ ನೋಡಿದ್ರೆ ಯಾಕೋ ಭಯ ಆಗ್ತಿದೆ. ಈಗಲೇ ಅಳಿಸಿಬಿಡ್ಲಾ?" ನಾನು ಹ್ಞೂಂ ಅಂದಿದ್ದರೆ ಸಾಕಿತ್ತು. "ಬೇಡ, ಇರಲಿ, ಚೆನ್ನಾಗಿ ಬಂದಿದೆ" ಎಂದೆ.