ಎರಡನೆಯ ಮಡಿಸೀರೆ

ಹಂಸಭಾವಿ,
ಶುಕ್ರವಾರ ಮಧ್ಯಾಹ್ನ

ಸವಣೂರಿನಲ್ಲಿ ಚುರುಮುರಿ, ಖಾರ ತಿಂದು ದಿನ ದೂಡುತ್ತಿರುವ ನನ್ನ ಯಜಮಾನರಾದ ಪ್ರಾಣೇಶ ಅವರಿಗೆ ಮೃಣಾಲಿನಿಯ ನಮಸ್ಕಾರಗಳು.

ತವರಿಗೆ ಹೋದವಳು ಯಾವಾಗ ಬರುತ್ತೀ ಎಂದು ಫೋನಿನಲ್ಲಿ ಗೋಳಾಡಿದಿರಿ. ಫೋನಿನಲ್ಲಿ ನೀವು ನನ್ನ ಮಾತು ಮುಗಿಯಗೊಡುವುದಿಲ್ಲ. ಅದಕ್ಕೇ ಈ ಪತ್ರ. ನಾನು ಕಲಿಸುವ ಕಾಲೇಜಿಗೆ ರಜೆ ಇದ್ದರೂ ನಿಮಗೊಂದು ಪಾಠ ಹೇಳುತ್ತೇನೆ, ಆಕಳಿಸದೆ ಓದಿ.

ಯಕೃತ್ತಿನ ಜೀವಕೋಶದಲ್ಲಿ ಗ್ಲೂಕೋಸನ್ನು ಒಡೆಯುವ ಕಿಣ್ವಗಳಿವೆ, ಅದನ್ನು ಹೊಸದಾಗಿ ಕಟ್ಟುವ ಕಿಣ್ವಗಳೂ ಇವೆ. ಎರಡೂ ಒಟ್ಟಿಗೆ ಜೋರು ಮಾಡಿದರೆ ಒಂದು ಕಟ್ಟಿದ್ದನ್ನು ಇನ್ನೊಂದು ಒಡೆಯುತ್ತ ಶಕ್ತಿಯೆಲ್ಲ ಹಾಳು. ಅದಕ್ಕೇ ಅಲ್ಲೊಂದು ಸಣ್ಣ ಅಣು ಇದೆ. ಉಂಡಾಗ ಇನ್ಸುಲಿನ್ ಅದನ್ನು ಹೆಚ್ಚಿಸುತ್ತದೆ; ಆಗ ಅದು ಒಡೆಯುವ ಕಿಣ್ವವನ್ನು ಎಬ್ಬಿಸಿ, ಕಟ್ಟುವುದನ್ನು ಸುಮ್ಮನಿರಿಸುತ್ತದೆ. ಉಪವಾಸವಿದ್ದಾಗ ಅದು ಕಡಿಮೆಯಾಗಿ ಎಲ್ಲ ತಿರುವುಮುರುವು.

ನಮ್ಮ ಮನೆಯಲ್ಲಿ ಆ ಅಣುವಿನ ಕೆಲಸ ಮಾಡುತ್ತಿದ್ದದ್ದು ಗಳದ ಮೇಲೆ ಒಣಗುವ ಒಂದೇ ಒಂದು ಮಡಿಸೀರೆ. ಅದನ್ನು ಉಟ್ಟವರು ಒಲೆ ಮುಂದೆ, ಉಡದವರು ಹೊರಗೆ. ಅತ್ತೆಯವರೂ ನಾನೂ ಜಗಳವಿಲ್ಲದೆ ಇದ್ದೆವು.

ನೀವು ದೊಡ್ಡ ಮನಸ್ಸು ಮಾಡಿ ಎರಡನೆಯದನ್ನು ತಂದಿರಿ. ಇಬ್ಬರೂ ಮಡಿ, ಇಬ್ಬರೂ ಒಲೆ ಮುಂದೆ. ಅವರು ಉಪ್ಪು ಹಾಕಿದ ಸಾರಿಗೆ ನಾನೂ ಹಾಕಿದೆ. ನಾನು ಉರಿ ಹೆಚ್ಚಿಸಿದರೆ ಅವರು ಇಳಿಸಿದರು. ಅನ್ನ ಅತ್ತ ಬೇಯಲಿಲ್ಲ, ಇತ್ತ ಹಸಿಯೂ ಉಳಿಯಲಿಲ್ಲ. ನ್ಯಾಯ ಹೇಳಿರಿ ಎಂದರೆ ನನ್ನ ಹತ್ತಿರ ಬಂದು ‘ನಿನ್ನ ಸಾರೇ ಛಲೋ’ ಅಂದಿರಿ, ದೇವರಮನೆಗೆ ಹೋಗಿ ‘ಅವ್ವಾ, ನಿನ್ನ ಕೈಯಾಗಿನ ರುಚಿ ಯಾರಿಗೂ ಬರೂದಿಲ್ಲ’ ಅಂದಿರಿ. ಗೋಡೆ ತೆಳ್ಳಗಿದೆ ಎಂಬುದು ನಿಮಗೆ ಗೊತ್ತಿಲ್ಲವೆ? ನನಗೆ ಸಿಟ್ಟಿಗಿಂತ ಅಳುವೇ ಹೆಚ್ಚು ಬಂತು.

ಈಗ ಮಡಿಸೀರೆಗಳೇ ಸಿಗುತ್ತಿಲ್ಲ, ಅವ್ವ ಹಾಲು ಬಾಳೆಹಣ್ಣಿನ ಮೇಲಿದ್ದಾಳೆ, ಒಲೆ ಹಚ್ಚುವವರಿಲ್ಲ ಎನ್ನುತ್ತೀರಿ. ಕೇಳಿ ಸಂಕಟವಾಯಿತು. ಆದರೂ ಯಾರು ಯಾವ ದಿನ ಅಡುಗೆ ಮಾಡಬೇಕೆಂದು ನೀವು ನಮ್ಮಿಬ್ಬರ ಎದುರು ನಿಂತು ಒಂದೇ ಮಾತು ಹೇಳುವವರೆಗೆ ನಾನು ಸವಣೂರಿನ ಬಸ್ಸು ಹತ್ತುವುದಿಲ್ಲ.

ನಿಮ್ಮ ಮೇಲೆ ಸಿಟ್ಟಿದ್ದರೂ ನಿಮ್ಮವಳೇ ಆದ,
ಮೃಣಾಲಿನಿ

ತಾ.ಕ.: ಸೀರೆ ಹುಡುಕುವುದನ್ನು ನಿಲ್ಲಿಸಿ. ಎರಡೂ ನನ್ನ ಚೀಲದಲ್ಲಿವೆ. ಮಡಚಿ ಇಟ್ಟುಕೊಟ್ಟವರು ಅತ್ತೆಯವರೇ. ‘ಅವನ ಮಡಿಧೋತ್ರ ಇಲ್ಲೇ ಗಳದ ಮ್ಯಾಲೆ ಇರ್ಲಿ ಬಿಡವ್ವ’ ಅಂದರು. ಅದನ್ನುಟ್ಟು ಒಲೆ ಹಚ್ಚಿದಾಗ ನೆನಪಿರಲಿ, ಅವರಿಗೆ ಸಾರಿನಲ್ಲಿ ಹುಳಿ ಸ್ವಲ್ಪ ಮುಂದಿರಬೇಕು.