ನಮೂನೆ ಮೂರು

ಮಾರ್ಚ್ ೩, ಸೋಮವಾರ

ಇವತ್ತು ಹದಿನೇಳು ರಿಪೋರ್ಟ್. ಅದರಲ್ಲಿ ಹನ್ನೆರಡು ನಮೂನೆ ಮೂರು. ಕಂಪನಿ ಡಾಕ್ಟರು ಎಕ್ಸ್-ರೇ ಫಿಲಂ ಅನ್ನು ಕಿಟಕಿಗೆ ಹಿಡಿದು ಕೆಲಸಗಾರರ ಟೋಕನ್ ನಂಬರ್ ಕೂಗುತ್ತಾರೆ. "ಮೂರು ಹಾಕಮ್ಮ." ಹಾಕುತ್ತೇನೆ: ಲಂಬಾರ್ ಸ್ಪಾಂಡಿಲೋಸಿಸ್. ಬೆನ್ನುಮೂಳೆಯ ವಯೋಸಹಜ ಸವೆತ. ಎಂದಿನ ಕೆಲಸಕ್ಕೆ ಯೋಗ್ಯ. ಟೈಪ್‌ರೈಟರ್ ಮೇಲೆ ಬೆರಳುಗಳು ತಾವಾಗಿಯೇ ಓಡುತ್ತವೆ. ರಿಪೋರ್ಟಿನಲ್ಲಿ ಹೆಸರಿಲ್ಲ, ಟೋಕನ್ ಮಾತ್ರ. ಗುಟ್ಟು ಕಾಪಾಡಲಂತೆ. ಯಾರ ಗುಟ್ಟೋ!

ಊಟದ ಹೊತ್ತಿಗೆ ಡ್ರಾಯರಿನಲ್ಲಿ ಮರೆಮಾಡಿ ಯೂನಿಯನ್ ಕರಪತ್ರ ಓದುತ್ತಿದ್ದೆ. ಎಕ್ಸ್-ರೇ ತೆಗೆಯುವವರು ಇಣುಕಿದರು. ಎಲ್ಲರೂ ಅವರನ್ನು ಫೋಟೋಗ್ರಾಫರ್ ಅನ್ನುವುದು. "ಏನಮ್ಮಾ ಕ್ರಾಂತಿ, ಮೊದಲು ಉಣ್ಣು. ಹಸಿದ ಹೊಟ್ಟೇಲಿ ಘೋಷಣೆ ಕೂಗಿದ್ರೆ ಪಕ್ಕದ ಮನೆಗೂ ಕೇಳಲ್ಲ."

ಅಪ್ಪ ಇನ್ನೂ ಚಾಪೆಯ ಮೇಲೆ. ಕಂಪನಿ ಗೋಡೌನಿನಲ್ಲಿ ಹಲಗೆ ಜಾರಿ ಮೂಟೆ ಸಮೇತ ಬಿದ್ದು ಎಂಟು ದಿನ. ಶನಿವಾರ ಎಕ್ಸ್-ರೇ ಆಗಿದೆ. ಅವರ ಟೋಕನ್ ಬಂದರೆ ಕಣ್ಣಿಡಬೇಕು.

ಮಾರ್ಚ್ ೫, ಬುಧವಾರ

ಅಪ್ಪ ಗೋಡೆ ಹಿಡಿದುಕೊಂಡು ಬಂದರು. ಕೈಯಲ್ಲಿ ರಿಪೋರ್ಟ್. "ಓದಿ ಹೇಳು ಮಗಾ."

ನನ್ನದೇ ಟೈಪು. ಸೋಮವಾರದ್ದು.

"ಇದು ನಿಮ್ಮ ಟೋಕನ್ ಅಲ್ಲವಲ್ಲ!"

"ಗೋಡೌನಿಗೆ ಹಾಕಿದಾಗ ಹೊಸದು ಕೊಟ್ರು. ಹೇಳಿದ್ನಲ್ಲ?"

ಹೇಳಿರಲಿಲ್ಲ.

"ಏನಂತೆ?"

"ವಯಸ್ಸಾಗಿ ಸವೆದಿದೆಯಂತೆ."

"ನಲವತ್ತಾರಕ್ಕೇ ಸವೆದುಹೋದ್ನಾ? ನಿಮ್ಮಮ್ಮ ಆಗಾಗ ಅಂತಿದ್ಲು. ನಾನು ಬೈಗುಳ ಅಂದ್ಕೊಂಡಿದ್ದೆ."

ಸೋಮವಾರದಿಂದ ಮತ್ತೆ ಮೂಟೆ ಹೊರಬೇಕು. ಟೈಪ್ ಮಾಡಿದ್ದು ಯಾರೆಂದು ಹೇಳಲಿಲ್ಲ.

ಮಾರ್ಚ್ ೭, ಶುಕ್ರವಾರ

ಫೋಟೋಗ್ರಾಫರ್ ಅಪ್ಪನ ಫಿಲಂ ತೆಗೆದು ತೋರಿಸಿದರು. "ನಾನು ಡಾಕ್ಟರ್ ಅಲ್ಲ. ಆದ್ರೆ ಇಪ್ಪತ್ತು ವರ್ಷದಿಂದ ಜನರ ಮುಖಕ್ಕಿಂತ ಬೆನ್ನೇ ಜಾಸ್ತಿ ನೋಡಿದೀನಿ. ಇಲ್ನೋಡು, ಈ ಮೂಳೆ ಕೆಳಗಿನದರ ಮೇಲಿಂದ ಮುಂದಕ್ಕೆ ಜಾರಿದೆ. ಹಿಂದಿನ ಕೊಂಡಿ ಮುರಿದಿದೆ. ಸ್ಪಾಂಡಿಲೋಲಿಸ್ಥೆಸಿಸ್ ಅಂತಾರೆ. ಸವೆತ ಗಿವೆತ ಏನಲ್ಲ ಇದು. ಮೂಟೆ ಎತ್ತಿದ್ರೆ ಇನ್ನೂ ಜಾರತ್ತೆ. ಕಾಲಿಗೆ ಹೋಗೋ ನರ ನಜ್ಜುಗುಜ್ಜಾಗತ್ತೆ."

ಹಳೆಯ ಕಪಾಟು ತೆರೆಸಿದೆ. ಒಂದು ವರ್ಷದ ಫಿಲಂ. ಜಾರಿದ್ದು, ಮುರಿದದ್ದು, ಭಾರಕ್ಕೆ ಮೂಳೆ ಕುಸಿದದ್ದು, ನರದ ದಾರಿ ಕಿರಿದಾದದ್ದು — ಮೂವತ್ತೊಂದು. ಎಲ್ಲಕ್ಕೂ ಮೂರು. ಒಬ್ಬನಿಗೆ ಇಪ್ಪತ್ತೆರಡು ವರ್ಷ. ವಯೋಸಹಜ!

ಪಟ್ಟಿ ಬರೆದುಕೊಂಡೆ. ಈ ಡಾಕ್ಟರನ್ನು ಬಿಡುವುದಿಲ್ಲ. ಇನ್ನು ಈ ಪುಸ್ತಕದಲ್ಲಿ ಅವನಿಗೆ ಬಹುವಚನವೂ ಇಲ್ಲ. ಕೆಲಸಗಾರರೆಲ್ಲ ನೋಡುತ್ತಿರುವಾಗ ತಲೆ ತಗ್ಗಿಸಿಕೊಂಡು ಮೆಟ್ಟಿಲಿಳಿಯಬೇಕು. ಅದನ್ನು ನಾನು ಮುಂದೆ ನಿಂತು ನೋಡಬೇಕು.

ಮಾರ್ಚ್ ೮, ಶನಿವಾರ

ಕಪಾಟಿನ ಕೀ ಪುಸ್ತಕದಲ್ಲಿ ನನ್ನ ಸಹಿ ಅವನ ಕಣ್ಣಿಗೆ ಬಿದ್ದಿದೆ. ಫೋಟೋಗ್ರಾಫರನ್ನು ಗದರಿಸಿ ಅಪ್ಪನ ವಿಷಯ, ಪಟ್ಟಿಯ ವಿಷಯ ತಿಳಿದುಕೊಂಡು ನನ್ನನ್ನು ಒಳಗೆ ಕರೆದ.

"ನಿಮ್ಮಪ್ಪ ಅಂತ ಮೊದಲೇ ಬಾಯಿ ಬಿಡೋದಲ್ವೇನಮ್ಮಾ? ತಿದ್ದುಪಡಿ ಟೈಪ್ ಮಾಡು. ಲಿಸ್ಥೆಸಿಸ್. ಆರು ತಿಂಗಳು ವಿಶ್ರಾಂತಿ, ಆಮೇಲೆ ಹಗುರ ಕೆಲಸ. ಈಗಲೇ ಸಹಿ ಹಾಕ್ತೀನಿ. ಆ ಪಟ್ಟಿ ಮಾತ್ರ ಇಲ್ಲಿಟ್ಟು ಹೋಗು."

"ಇನ್ನೂ ಮೂವತ್ತು ಜನ ಇದಾರೆ ಸಾರ್."

"ಅವರು ನಿನಗೇನಾಗಬೇಕು?"

"ಏನೂ ಆಗಬೇಕಿಲ್ಲ. ನಿಮಗೇನಾಗತ್ತೆ ಅಂತ ನೋಡಬೇಕು."

ಒಬ್ಬರಿಗೇ ಕೊಡುವ ರಿಯಾಯಿತಿಯನ್ನು ಒಪ್ಪಬಾರದು ಎಂದು ಕರಪತ್ರದಲ್ಲಿದೆ. ಆದರೆ ಇಲ್ಲಿ ಸುಳ್ಳು ಬರೆಯಲಾರೆ. ಆ ಗಳಿಗೆಯಲ್ಲಿ ಮೂವತ್ತು ಜನ ನೆನಪಿಗೆ ಬರಲಿಲ್ಲ. ಅಪ್ಪನೂ ಬರಲಿಲ್ಲ. ಬಿಳಿಚಿಕೊಂಡ ಅವನ ಮುಖವೊಂದೇ. ಎಷ್ಟು ಹಿತವಾಗಿತ್ತು!

ತಿದ್ದುಪಡಿ ಟೈಪ್ ಮಾಡದೆ ನೇರ ಫ್ಯಾಕ್ಟರಿ ಇನ್ಸ್ಪೆಕ್ಟರ್ ಕಚೇರಿಗೆ ಹೋಗಿ ಪಟ್ಟಿ ಕೊಟ್ಟೆ. ಗುರುವಾರ ಬರುತ್ತಾರಂತೆ.

ಮಾರ್ಚ್ ೯, ಭಾನುವಾರ

ನಾಳೆ ಹೋಗಬೇಡಿ ಅಂದೆ. ಮೂಳೆ ಜಾರಿದೆ ಎಂದೂ ಹೇಳಿದೆ. ಡಾಕ್ಟರ್ ಕರೆದದ್ದನ್ನು ಹೇಳಲಿಲ್ಲ.

"ಯೋಗ್ಯ ಅಂತ ಬರೆದಿದ್ದಾರೆ. ಹೋಗದಿದ್ರೆ ಹೆಸರು ಹೊಡೆದುಹಾಕ್ತಾರೆ. ನಿನ್ನ ಇನ್ಸ್ಪೆಕ್ಟರು ಬರೋವರೆಗೆ ತಾನೇ? ಮೂರು ದಿನ ಹಲ್ಲು ಕಚ್ಚಿಕೊಂಡಿರ್ತೀನಿ."

ಅವನ ಬಳಿಗೆ ಈಗಲೂ ಹೋಗಬಹುದಿತ್ತು. ಕಾಲಿಗೆ ಬೀಳಬಹುದಿತ್ತು. ಅವನ ಕಾಲಿಗೆ? ನಾನು?

ಮೂರೇ ದಿನ ಅಲ್ವಾ, ನಾನೂ ಅಂದೆ.

ಮಾರ್ಚ್ ೧೩, ಗುರುವಾರ, ಮಧ್ಯಾಹ್ನ ಒಂದು

ಗೆದ್ದೆವು! ಇನ್ಸ್ಪೆಕ್ಟರು ಮೂವತ್ತೊಂದು ಫಿಲಂ ಮೇಜಿನ ಮೇಲೆ ಹರಡಿಸಿದರು. ಜೊತೆಗೆ ಬಂದ ಮೂಳೆ ತಜ್ಞೆ ಒಂದೊಂದಕ್ಕೂ ನಿಜವಾದ ಹೆಸರು ಓದಿ ಹೇಳಿದರು. ನಾನೇ ಟೈಪ್ ಮಾಡಿದೆ, ಒಂದೊಂದು ಅಕ್ಷರವನ್ನೂ ಗುದ್ದಿ. ಅವನ ಕೋಣೆಗೆ ಬೀಗಮುದ್ರೆ. ಅವನು ಮೆಟ್ಟಿಲಿಳಿಯುವಾಗ ಎರಡೂ ಬದಿ ಕೆಲಸಗಾರರು. ಯಾರೋ ಕೂಗಿದರು: "ಸಾರ್, ಮೂರು ಹಾಕಲಾ?" ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಹೊಟ್ಟೆ ತಣ್ಣಗಾಯಿತು.

ಫೋಟೋಗ್ರಾಫರ್ ಗೋಡೌನಿನ ಕಡೆಯಿಂದ ಓಡಿ ಬರುತ್ತಿದ್ದಾರೆ. ಏನೋ —

ಮಾರ್ಚ್ ೧೮, ಮಂಗಳವಾರ, ಆಸ್ಪತ್ರೆಯ ವರಾಂಡ

ಗುರುವಾರ ಮೂಟೆಯ ಕೆಳಗೆ ಕುಸಿದ ಅಪ್ಪನಿಗೆ ಆಪರೇಷನ್ ಆಗಿದೆ. ಅವರ ಬಲಪಾದ ಮೇಲೇಳುವುದಿಲ್ಲ. ಫುಟ್ ಡ್ರಾಪ್ ಎನ್ನುತ್ತಾರೆ. ಸರ್ಜನ್ ಹೇಳಿದ್ದು: "ಕಳೆದ ವಾರ ಮತ್ತೆ ಭಾರ ಎತ್ತದೇ ಇದ್ದಿದ್ರೆ ಇಲ್ಲಿಗೆ ಬರ್ತಿರಲಿಲ್ಲ." ನರ ಮರಳಬಹುದು, ಮರಳದೆಯೂ ಇರಬಹುದು.

ಪಕ್ಕದ ಹಾಸಿಗೆಯವರಿಗೆ ಅಪ್ಪ ಹೇಳುತ್ತಿದ್ದರು: "ಮೂವತ್ತು ಜನರ ಬೆನ್ನು ಉಳಿಸಿದವಳು ಇವಳೇ. ನನ್ನ ಮಗಳು."

ಆಮೇಲೆ ನನ್ನ ಕಡೆ ತಿರುಗಿ, "ಆ ಶನಿವಾರ ಡಾಕ್ಟರು ನಿನ್ನ ಒಳಗೆ ಕರೆದಿದ್ರಂತೆ. ಫೋಟೋಗ್ರಾಫರ್ ಅಂದ. ಏನು ಕೇಳಿದ ಆ ಡಾಕ್ಟರ್?"

ಅಷ್ಟರಲ್ಲಿ ನರ್ಸ್ ಬಂದಳು. ಡ್ರೆಸ್ಸಿಂಗ್ ಆದಮೇಲೆ ಹೇಳ್ತೀನಿ ಅಂದು ಹೊರಗೆ ಬಂದೆ. ಎರಡು ಪುಟ ಬರೆದು ಹರಿದೆ. ಎರಡರಲ್ಲೂ ಬರೀ ಅವನನ್ನೇ ಬೈದಿದ್ದೆ.

ನರ್ಸ್ ಹೊರಗೆ ಬಂದಳು. ಒಳಗೆ ಹೋಗಿ ಹೀಗೆ ಶುರು ಮಾಡಬೇಕು: ಅಪ್ಪಾ, ನಿಮಗೆ ರಜೆ ಬರೆದುಕೊಡ್ತೀನಿ ಅಂದಿದ್ದ. ನಾನು